ಸಾಕ್ಷಿಯಮ್ಮ ಎರಡು ಸಲ ಹೇಳಿದ್ದು

ನಮ್ಮ ಸಭೆಯಲ್ಲಿ ತಿಂಗಳ ಕೊನೆಯ ಭಾನುವಾರ ಸಾಕ್ಷಿ ಹೇಳುವ ದಿನ. ತನ್ನ ಬದುಕಿನಲ್ಲಿ ಯೇಸು ಏನು ಮಾಡಿದ ಎಂಬುದನ್ನು ಯಾರು ಬೇಕಾದರೂ ಎದ್ದು ನಿಂತು ಹೇಳಬಹುದು. ‘ಯಾರಾದರೂ ಇದ್ದೀರಾ?’ ಎಂದು ಸಭೆಯ ಪಾಸ್ಟರ್ ಅಯ್ಯನವರು ಕೇಳಿದ ಕೂಡಲೇ ಉಳಿದವರೆಲ್ಲ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಳ್ಳುತ್ತಿದ್ದರು. ಮೂರನೆಯ ಬೆಂಚಿನಿಂದ ಒಬ್ಬಾಕೆ ಮಾತ್ರ ಕನ್ನಡಕ ಸರಿಮಾಡಿಕೊಂಡು ಎದ್ದು ನಿಲ್ಲುತ್ತಿದ್ದಳು. ಇಪ್ಪತ್ತೆರಡು ವರ್ಷ ಹೀಗೆ ನಿಂತೂ ನಿಂತೂ ಆಕೆಯ ಹೆಸರೇ ಸಾಕ್ಷಿಯಮ್ಮ ಎಂದಾಗಿಹೋಯಿತು. ಮೊದಮೊದಲು ಗಾಯನ ತಂಡದ ನಾವು ಗೇಲಿಗೆ ಇಟ್ಟ ಹೆಸರು ಅದು. ಬರಬರುತ್ತ ಅಯ್ಯನವರೂ ಹಾಗೇ ಕರೆಯತೊಡಗಿದರು.

ಆಕೆಯ ಸಾಕ್ಷಿ ಎಲ್ಲಿಂದ ಶುರುವಾದರೂ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ. ಗಂಡ ಬಸ್ ಡ್ರೈವರ್. ಒಂದು ಬೆಳಿಗ್ಗೆ ಬ್ರೇಕ್ ಹಿಡಿಯದೆ ಬಸ್ಸು ಹಳ್ಳಕ್ಕೆ ಉರುಳಿ ಅವನ ಸೊಂಟ ಮುರಿಯಿತು. ಅವನು ಎಂಟು ತಿಂಗಳು ಹಾಸಿಗೆ ಬಿಟ್ಟೇಳಲಿಲ್ಲ. ಮನೆಯಲ್ಲಿ ಇನ್ನೂ ಹಾಲು ಬಿಡದ ಮಗಳು. ನೆಂಟರೆಲ್ಲ ಬಂದು ನೋಡಿ, ನಿಟ್ಟುಸಿರಿಟ್ಟು ಹೋದರು. ಆಗ ಸಭೆಯ ಹಿರಿಯರಲ್ಲೊಬ್ಬರು, ದೊಡ್ಡಾಸ್ಪತ್ರೆಯ ಹಿಂದಿನ ಬೀದಿಯಲ್ಲಿ ಲಾಂಡ್ರಿ ಇಟ್ಟುಕೊಂಡಿದ್ದವರು, ತಾವಾಗಿಯೇ ಮನೆಗೆ ಬಂದು, ‘ನಾಳೆಯಿಂದ ಕೆಲಸಕ್ಕೆ ಬಾಮ್ಮ. ಮಗೂನೂ ಕರ್ಕೊಂಡು ಬಾ, ಬಟ್ಟೆ ರಾಶಿ ಮೇಲೆ ಮಲಗಿಸು’ ಎಂದರು. ಇಷ್ಟು ಹೇಳಿ ಆಕೆ, ‘ಯೇಸು ನನ್ನ ಮನೆ ಬಾಗಿಲಿಗೆ ಬಂದಿದ್ದು ಲಾಂಡ್ರಿ ಯಜಮಾನರ ಚಪ್ಪಲಿ ಮೆಟ್ಕೊಂಡು’ ಎನ್ನುತ್ತಿದ್ದಳು. ಯಜಮಾನರು ಮುಂದಿನ ಸಾಲಿನಲ್ಲಿ ಮುಖ ಮುಚ್ಚಿಕೊಂಡು ಕೂರುತ್ತಿದ್ದರು. ಅವರ ಸಂಕೋಚದಲ್ಲಿ ನಾಟಕವಿರಲಿಲ್ಲ. ಒಳ್ಳೆಯ ಮನುಷ್ಯ ಎನ್ನುವುದಕ್ಕೆ ನಮ್ಮಲ್ಲಿ ಅವರನ್ನೇ ಬೊಟ್ಟು ಮಾಡಿ ತೋರಿಸುತ್ತಿದ್ದೆವು.

ಲಾಂಡ್ರಿಯಲ್ಲಿ ಮೂವತ್ತೆಂಟು ಜನ. ಆಸ್ಪತ್ರೆಗಳ ಹಾಸಿಗೆ ಬಟ್ಟೆ, ಪರದೆ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ಎಲ್ಲ ಅಲ್ಲಿಗೇ ಬರುತ್ತಿತ್ತು. ಮುಂಬಾಗಿಲ ಹತ್ತಿರ ರಕ್ತ, ಕೀವಿನ ವಾಸನೆ. ಹಿಂಬಾಗಿಲಿಗೆ ಬರುವಷ್ಟರಲ್ಲಿ ಅದು ಸೋಪು ಮತ್ತು ಬಿಸಿ ಹತ್ತಿಯ ವಾಸನೆಯಾಗಿ ಬದಲಾಗುತ್ತಿತ್ತು. ನಡುವಿನ ಹಾಲಿನಲ್ಲಿ ರೋಲರ್ ಇತ್ತು. ಒಂದಾಳುದ್ದದ, ಕೆಂಡದಂತೆ ಕಾಯುವ ಎರಡು ಉರುಳೆಗಳು. ಈ ಕಡೆ ಇಬ್ಬರು ನಿಂತು ಒದ್ದೆ ಹಾಸಿಗೆ ಬಟ್ಟೆಯ ಅಂಚು ಹಿಡಿದು ಬಾಯಿಗೆ ಕೊಟ್ಟರೆ, ಆ ಕಡೆಯಿಂದ ಅದು ಗರಿಗರಿಯಾಗಿ ಹೊರಗೆ ಬರುತ್ತಿತ್ತು. ಆ ಕಡೆ ನಿಂತು ಬಟ್ಟೆ ಹಿಡಿದು ಮಡಚುವುದು ಸಾಕ್ಷಿಯಮ್ಮನ ಕೆಲಸ. ಹಾಲಿನ ಮೇಲುಸ್ತುವಾರಿಯೂ ಆಕೆಯದೇ. ಬೆಳಿಗ್ಗೆ ಯಂತ್ರ ಹಚ್ಚುವ ಮೊದಲು ಐದು ನಿಮಿಷ ಪ್ರಾರ್ಥನೆ. ಯಜಮಾನರು ಇದ್ದರೆ ಅವರು, ಇಲ್ಲದಿದ್ದರೆ ಆಕೆ. ಸಭೆಗೆ ಸೇರದವರೂ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಯಾರೂ ಬಲವಂತ ಮಾಡಿರಲಿಲ್ಲ. ಬೇಡ ಎಂದವರೂ ಇರಲಿಲ್ಲ.

ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇತ್ತು. ಕೈ ತಪ್ಪಿ ಅದಕ್ಕೆ ತಾಗಿದರೆ ಸಾಕು, ಯಂತ್ರ ಗಕ್ಕನೆ ನಿಲ್ಲುತ್ತಿತ್ತು. ಒಂದು ವರ್ಷ ಲಾಂಡ್ರಿಗೆ ಹೊಸ ಆಸ್ಪತ್ರೆಯೊಂದರ ಕೆಲಸ ಬಂತು. ಅವರ ಹೊದಿಕೆಗಳು ದಪ್ಪ. ಪ್ರತಿ ಸಲ ಆ ಪಟ್ಟಿಗೆ ತಾಗುವುದು, ಯಂತ್ರ ನಿಲ್ಲುವುದು, ಮತ್ತೆ ಕಾಯಲು ಬಿಡುವುದು. ಸಂಜೆಯೊಳಗೆ ಮುಗಿಯಬೇಕಾದ ರಾಶಿ ಅರ್ಧವೂ ಕರಗುತ್ತಿರಲಿಲ್ಲ. ಒಂದು ದಿನ ಯಜಮಾನರು ಮೆಕ್ಯಾನಿಕ್‌ನನ್ನು ಕರೆದುಕೊಂಡು ಬಂದರು.

‘ಇದನ್ನ ಮೇಲಕ್ಕೆ ಎತ್ತಿ ತಂತೀಲಿ ಬಿಗಿದುಬಿಟ್ರೆ ಹೇಗೆ? ಹೊಸ ಪಟ್ಟಿ ಬರೋವರೆಗೆ ಅಷ್ಟೇ’ ಎಂದು ಅವನನ್ನು ಕೇಳಿ, ಸಾಕ್ಷಿಯಮ್ಮನ ಕಡೆ ತಿರುಗಿದರು. ‘ನೀನೇನಂತೀಯಮ್ಮ?’

‘ಹುಷಾರಾಗಿ ಕೆಲಸ ಮಾಡಿದ್ರೆ ಏನಾಗಲ್ಲ ಬಿಡಿ ಅಣ್ಣ’ ಎಂದಳು ಆಕೆ.

ಮೆಕ್ಯಾನಿಕ್ ಏಣಿ ಹತ್ತಿದ. ತಂತಿ ಕತ್ತರಿಸಲು ಕಟಿಂಗ್ ಪ್ಲೇಯರ್ ಕೆಳಗೇ ಉಳಿದಿತ್ತು. ಎತ್ತಿಕೊಟ್ಟವಳು ಆಕೆಯೇ. ಹೊಸ ಪಟ್ಟಿಯ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಬಟ್ಟೆ ಬಾಯಿಗೆ ಕೊಡುತ್ತಿದ್ದ ಇಬ್ಬರಲ್ಲಿ ಒಬ್ಬಳನ್ನು ಎಲ್ಲರೂ ಕುಳ್ಳಿ ಎನ್ನುತ್ತಿದ್ದರು. ಮೂವತ್ತರ ಆಸುಪಾಸು, ಗಂಡ ಬಿಟ್ಟು ಹೋದವಳು, ನಮ್ಮ ಸಭೆಯವಳಲ್ಲ. ರೋಲರಿನ ಬಾಯಿ ಎಟುಕದೆಂದು ಸೋಪಿನ ಮರದ ಪೆಟ್ಟಿಗೆ ಮಗುಚಿ ಹಾಕಿಕೊಂಡು ಅದರ ಮೇಲೆ ನಿಲ್ಲುತ್ತಿದ್ದಳು. ‘ಎತ್ತರದೋರೆಲ್ಲ ಬಗ್ಗಿ ಬಗ್ಗಿ ಬೆನ್ನು ಹಾಳು ಮಾಡ್ಕೊಂಡ್ರಿ. ನಾನು ನೋಡಿ, ಸಿಂಹಾಸನ ಹತ್ತಿದೀನಿ’ ಎಂದು ನಗಿಸುತ್ತಿದ್ದಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು.

ತಂತಿ ಕಟ್ಟಿ ಮೂರು ವಾರ ಕಳೆದಿರಬೇಕು. ಮಧ್ಯಾಹ್ನ, ಊಟ ಮುಗಿಸಿ ಬಂದು ಕೆಲಸ ಹತ್ತಿದ ಹೊತ್ತು. ಹೊದಿಕೆಯೊಂದು ಸುಕ್ಕಾಗಿ ಒಳಗೆ ಹೋಯಿತು. ಅದನ್ನು ಸರಿಮಾಡಲು ಕುಳ್ಳಿ ಕೈ ಚಾಚಿದಳು. ಪಟ್ಟಿ ಮೇಲಿತ್ತು. ಸಾಕ್ಷಿಯಮ್ಮ ಆ ಕಡೆ ಬಟ್ಟೆಗಾಗಿ ಕೈ ಒಡ್ಡಿ ನಿಂತಿದ್ದಳು. ಬಟ್ಟೆ ಬರುವ ಮೊದಲು ಕೂಗು ಬಂತು. ಓಡಿಹೋಗಿ ಗೋಡೆಯ ಮೇಲಿನ ಸ್ವಿಚ್ ಎಳೆದವಳು ಆಕೆಯೇ. ಆದರೆ ಉರುಳೆಗಳು ಅಷ್ಟು ಬೇಗ ನಿಲ್ಲುವಂಥವಲ್ಲ.

ಆಸ್ಪತ್ರೆ ಗೋಡೆಯಾಚೆಯೇ ಇತ್ತು. ಒಗೆದು ಮಡಚಿಟ್ಟ ಬಟ್ಟೆಯಲ್ಲೇ ಕುಳ್ಳಿಯನ್ನು ಸುತ್ತಿ ನಾಲ್ಕು ಜನ ಹೊತ್ತುಕೊಂಡು ಓಡಿದರು. ಬಲಗೈಯ ಹೆಬ್ಬೆರಳೊಂದು ಉಳಿಯಿತು. ಉಳಿದ ನಾಲ್ಕು ಬೆರಳು ಹೋದವು.

ಸಾಕ್ಷಿಯಮ್ಮ ವಾಪಸ್ ಬಂದಾಗ ಹಾಲನ್ನು ತೊಳೆದಿದ್ದರು. ಪಟ್ಟಿ ತನ್ನ ಜಾಗಕ್ಕೆ ಇಳಿದಿತ್ತು. ತಂತಿಯ ಒಂದು ತುಣುಕೂ ಕಾಣಲಿಲ್ಲ. ಮೆಕ್ಯಾನಿಕ್ ಯಾರ ಮುಖವನ್ನೂ ನೋಡದೆ ಕೈ ಒರೆಸಿಕೊಳ್ಳುತ್ತಿದ್ದ. ಯಜಮಾನರ ಕಣ್ಣುಗಳು ಕೆಂಪಾಗಿದ್ದವು. ಅವರು ಎಲ್ಲರನ್ನೂ ಸುತ್ತ ನಿಲ್ಲಿಸಿ, ‘ನನ್ನ ಕೈಲಿ ಆಗ್ತಿಲ್ಲ. ನೀನೇ ಪ್ರಾರ್ಥನೆ ಮಾಡಮ್ಮ’ ಎಂದರು. ಆಕೆ ಮಾಡಿದಳು. ‘ಅವತ್ತಿನಷ್ಟು ಚೆನ್ನಾಗಿ ನಾನು ಯಾವತ್ತೂ ಪ್ರಾರ್ಥನೆ ಮಾಡಿರ್ಲಿಲ್ಲ’ ಎಂದು ಬಹಳ ದಿನಗಳ ಮೇಲೆ ನನ್ನ ಹತ್ತಿರ ಹೇಳಿದಳು. ‘ಮಾತು ತಾನಾಗೇ ಬರ್ತಿತ್ತು. ಎಲ್ಲರೂ ಅತ್ರು. ಆ ತಂತಿ ಒಂದು ಬಿಟ್ಟು ಎಲ್ಲಾನೂ ದೇವರಿಗೆ ಹೇಳಿದೆ.’

ಎರಡು ದಿನ ಬಿಟ್ಟು ಕಾರ್ಮಿಕ ಇಲಾಖೆಯಿಂದ ಒಬ್ಬ ಅಧಿಕಾರಿ ಬಂದ. ಯಂತ್ರ ನೋಡಿದ, ಪಟ್ಟಿ ಮುಟ್ಟಿ ನೋಡಿದ, ಯಂತ್ರ ನಿಂತಿತು. ಆಫೀಸಿನಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದ. ಹೇಳಿಕೆಯ ಕಾಗದಗಳು ಮೊದಲೇ ಟೈಪ್ ಆಗಿದ್ದವು. ಪಟ್ಟಿ ಯಾವಾಗಲೂ ಜಾಗದಲ್ಲೇ ಇತ್ತು. ಕೆಲಸಗಾರ್ತಿ ನಿಯಮ ಮೀರಿ ಪೆಟ್ಟಿಗೆಯ ಮೇಲೆ ನಿಂತಿದ್ದಳು, ಮಾತಾಡುತ್ತಿದ್ದಳು, ಎಚ್ಚರ ತಪ್ಪಿದಳು. ಸಾಕ್ಷಿಯಮ್ಮ ಓದಿದಳು. ಯಜಮಾನರು ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತಿದ್ದರು. ಸಹಿ ಹಾಕೆಂದು ಅವರು ಹೇಳಿದ್ದರೆ ಆಕೆಗೆ ಸಿಟ್ಟಾದರೂ ಬರುತ್ತಿತ್ತೋ ಏನೋ. ಸಹಿ ಹಾಕಿ ಹೊರಗೆ ಬಂದಳು.

ಮನೆಗೆ ಬಂದವಳು ಊಟಕ್ಕೆ ಕೂರಲಿಲ್ಲ. ಗಂಡ ಕೋಲೂರಿಕೊಂಡು ಬಂದು ಎದುರು ಕೂತ. ಸಭೆಗೆ ವರ್ಷಕ್ಕೊಮ್ಮೆ ಬಂದು ಬಾಗಿಲ ಹತ್ತಿರ ಕೂತು ಎದ್ದುಹೋಗುವ ಮನುಷ್ಯ ಅವನು.

‘ಏನ್ ಬರ್ಕೊಟ್ಟೆ?’

‘ಬರ್ದಿದ್ರು. ಸಹಿ ಹಾಕ್ದೆ.’

‘ನೋಡು, ನನ್ನ ಬಸ್ಸು ಬಿದ್ದಾಗ ಬ್ರೇಕ್ ಸರಿ ಇತ್ತು ಅಂತ ಡಿಪೋದಲ್ಲಿ ಏಳು ಜನ ಸಹಿ ಹಾಕಿದ್ರು. ಹಿಂದಿನ ದಿನಾನೇ ಅವರಿಗೆಲ್ಲ ನಾನು ಹೇಳಿದ್ದೆ, ಬ್ರೇಕ್ ಹಿಡೀತಿಲ್ಲ ಅಂತ. ಅವರಲ್ಲಿ ಒಬ್ಬನ್ನೂ ನೀನು ಇವತ್ತಿನವರೆಗೂ ಮನೆ ಒಳಗೆ ಸೇರಿಸಿಲ್ಲ’ ಎಂದ. ಅಷ್ಟೇ ಹೇಳಿ ಎದ್ದುಹೋಗಿ ಮಲಗಿದ.

ಮರುದಿನ ಆಕೆ ಕಿತ್ತಳೆ ಹಣ್ಣು ತೆಗೆದುಕೊಂಡು ವಾರ್ಡಿಗೆ ಹೋದಳು. ಕುಳ್ಳಿಯ ಕೈಗೆ ಮೊಣಕೈವರೆಗೂ ಬ್ಯಾಂಡೇಜ್ ಕಟ್ಟಿದ್ದರು. ಹಾಸಿಗೆಗೆ ಹಾಸಿದ್ದು ತಮ್ಮ ಲಾಂಡ್ರಿಯದೇ ಬಟ್ಟೆ, ಅಂಚಿನಲ್ಲಿ ನೀಲಿ ಗುರುತು. ಸಾಕ್ಷಿಯಮ್ಮ ಅಭ್ಯಾಸಬಲದಿಂದ ಅವಳ ತಲೆಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದಳು.

‘ಬೇಡ ಅಕ್ಕ, ಕೈ ತೆಗೀರಿ’ ಎಂದಳು ಕುಳ್ಳಿ. ದನಿ ಎತ್ತರಿಸಲೂ ಇಲ್ಲ. ‘ನನಗೋಸ್ಕರ ಪ್ರಾರ್ಥನೆ ಮಾಡ್ಬೇಡಿ. ನೀವು ನೋಡಿದ್ದನ್ನ ಹೇಳಿ, ಸಾಕು. ನಾನೇ ಎಚ್ಚರ ತಪ್ಪಿದ್ದು ಅಂತ ಬರ್ಕೊಂಡಿದಾರಂತೆ. ಹಂಗೇ ಆದ್ರೆ ನನಗೆ ಹಕ್ಕಿನ ಪರಿಹಾರ ಅಂತ ಏನೂ ಬರಲ್ಲ. ಯಜಮಾನರು ಮನಸ್ಸು ಮಾಡಿ ಕೊಟ್ರೆ ಉಂಟು, ಇಲ್ಲದಿದ್ರೆ ಇಲ್ಲ. ನನಗೆ ದಾನ ಬೇಡ. ನನ್ನ ಕೈ ನಾನು ಕಳ್ಕೊಂಡಿದ್ದಲ್ಲ.’

ಸಾಕ್ಷಿಯಮ್ಮ ಸಹಿ ಹಾಕಿದ ವಿಷಯ ಹೇಳಲಿಲ್ಲ. ಹಣ್ಣು ಸುಲಿದಿಟ್ಟು ಬಂದಳು.

ಅಲ್ಲಿಂದ ನೇರ ಹೋದದ್ದು ಅಯ್ಯನವರ ಮನೆಗೆ. ಅವರು ಹೊಸ ಪ್ರಾರ್ಥನಾ ಮಂದಿರದ ನಕ್ಷೆ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಆಕೆ ತಂತಿಯಿಂದ ಸಹಿಯವರೆಗೆ ಒಂದೂ ಬಿಡದೆ ಒಪ್ಪಿಸಿದಳು. ಅಯ್ಯನವರು ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ.

‘ಲಾಂಡ್ರಿಗೆ ಬೀಗ ಬಿದ್ರೆ ಮೂವತ್ತೆಂಟು ಮನೆ ಬೀದಿಗೆ ಬರುತ್ತೆ, ಯೋಚನೆ ಮಾಡಮ್ಮ. ಯಜಮಾನರು ಕೆಟ್ಟವರಲ್ಲ. ಆ ಹುಡುಗಿಯನ್ನ ಅವರು ಕೈಬಿಡಲ್ಲ. ಕೆಲವು ಸಲ ಮೌನವೇ ದೊಡ್ಡದು. ಯೇಸುವನ್ನ ವಿಚಾರಣೆಗೆ ನಿಲ್ಲಿಸಿದಾಗ ಆತನೂ ಮೌನವಾಗಿದ್ದ ಅಲ್ಲವಾ?’

‘ಆತ ಮೌನವಾಗಿದ್ದು ತನ್ನ ಮೇಲೆ ಹೊರಿಸಿದ್ದಕ್ಕೆ ಅಯ್ಯಾ’ ಎಂದಳು ಸಾಕ್ಷಿಯಮ್ಮ. ‘ಇನ್ನೊಬ್ಬರ ಕೈ ಹೋದಾಗ ಅಲ್ಲ.’

ಹೀಗೆಂದು ತಾನೇ ಬೆಚ್ಚಿದಳಂತೆ. ಅಯ್ಯನವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ನಕ್ಷೆ ಸುರುಳಿ ಸುತ್ತುತ್ತ, ‘ಪ್ರಾರ್ಥನೆ ಮಾಡು. ದಾರಿ ಕಾಣಿಸುತ್ತೆ’ ಎಂದರು.

‘ದಾರಿ ಕಾಣಿಸ್ತಿದೆ ಅಯ್ಯಾ. ಅದಕ್ಕೇ ಕಾಲು ನಡುಗ್ತಿರೋದು.’

ಆದರೂ ಕಾಲು ಏಳಲು ಇನ್ನೂ ಹದಿನಾರು ದಿನ ಹಿಡಿಯಿತು. ಇದನ್ನು ಮುಚ್ಚಿಟ್ಟರೆ ಆಕೆಗೇ ಒಪ್ಪಿಗೆಯಾಗುವುದಿಲ್ಲ. ಹದಿನಾರು ದಿನವೂ ಕೆಲಸಕ್ಕೆ ಹೋದಳು, ಪ್ರಾರ್ಥನೆ ಮಾಡಿಸಿದಳು, ಭಾನುವಾರ ಮಕ್ಕಳಿಗೆ ಪಾಠ ಹೇಳಿದಳು. ಯೇಸುವನ್ನು ಹಿಂಬಾಲಿಸುವುದು ಎಂದರೇನು ಎಂದು ಮಕ್ಕಳನ್ನು ಕೇಳಿದರೆ, ಸುಳ್ಳು ಹೇಳದಿರುವುದು, ಕದಿಯದಿರುವುದು, ದಿನಾ ಪ್ರಾರ್ಥಿಸುವುದು ಎಂದು ಗಿಳಿಗಳಂತೆ ಒಪ್ಪಿಸಿದವು. ಆಕೆಯೇ ಕಲಿಸಿದ ಉತ್ತರ. ಆಕೆ ಒಂದೊಂದನ್ನೇ ತನಗೆ ಹಚ್ಚಿ ನೋಡಿಕೊಂಡಳು. ತಾನು ಕದ್ದಿರಲಿಲ್ಲ, ದಿನಾ ಪ್ರಾರ್ಥಿಸುತ್ತಿದ್ದಳು. ಕಾಗದದಲ್ಲಿದ್ದ ಸುಳ್ಳೂ ಇನ್ನೊಬ್ಬರು ಟೈಪ್ ಮಾಡಿದ್ದು. ಇಷ್ಟು ವರ್ಷ ತಾನು ಹಿಂಬಾಲಿಸಿದ್ದು ಯೇಸುವನ್ನೋ, ಕೆಲಸ ಕೊಟ್ಟ ಯಜಮಾನರನ್ನೋ? ಇಬ್ಬರೂ ಒಂದೇ ದಾರಿಯಲ್ಲಿ ನಡೆಯುವವರೆಗೆ ಈ ಪ್ರಶ್ನೆ ಹುಟ್ಟಿರಲಿಲ್ಲ. ಈಗ ದಾರಿ ಕವಲೊಡೆದಿತ್ತು.

ಹದಿನೇಳನೆಯ ದಿನ ರಜೆ ಹಾಕಿ ಅಧಿಕಾರಿಯ ಕಚೇರಿಗೆ ಹೋದಳು. ತಂತಿ ಕಟ್ಟಿದ್ದು, ಕಟ್ಟಲು ಹೇಳಿದ್ದು ಯಾರು, ಪ್ಲೇಯರ್ ಕೊಟ್ಟವರು ಯಾರು, ಬಿಚ್ಚಿದ್ದು ಯಾವಾಗ, ಎಲ್ಲವನ್ನೂ ಹೇಳಿದಳು. ಅಧಿಕಾರಿ ಹಳೆಯ ಕಾಗದ ತೆಗೆದು ಪಕ್ಕದಲ್ಲಿಟ್ಟುಕೊಂಡ.

‘ಇದು ನಿಮ್ಮ ಸಹೀನೇ ತಾನೆ?’

‘ಹೌದು ಸಾರ್.’

‘ಇದರಲ್ಲಿ ಪಟ್ಟಿ ಜಾಗದಲ್ಲಿತ್ತು ಅಂತಿದೆ. ಈಗ ಇರ್ಲಿಲ್ಲ ಅಂತೀರಿ. ಎರಡರಲ್ಲಿ ಯಾವುದು ಸುಳ್ಳು?’

‘ಮೊದಲನೇದು.’

‘ಎರಡನೇದು ಸುಳ್ಳಲ್ಲ ಅಂತ ನಾನು ಹೇಗೆ ನಂಬಲಿ? ಮಧ್ಯೆ ಆ ಹೆಂಗಸಿನ ಕಡೆಯವರು ಯಾರಾದ್ರೂ ಬಂದು ಮಾತಾಡಿದ್ರಾ?’

ಇಪ್ಪತ್ತೆರಡು ವರ್ಷ ಸಾಕ್ಷಿ ಹೇಳಿದವಳನ್ನು ಒಬ್ಬರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಸಭೆಯಲ್ಲಿ ಹೇಳಿದ್ದಕ್ಕೆಲ್ಲ ಆಮೆನ್ ಸಿಗುತ್ತಿತ್ತು.

ಮೆಕ್ಯಾನಿಕ್ ತಾನು ಯಾವ ತಂತಿಯನ್ನೂ ಕಟ್ಟಿಲ್ಲ ಎಂದ. ಜೊತೆಯ ಹೆಂಗಸರು ತಾವು ನೋಡಿಲ್ಲ ಎಂದರು. ಯಜಮಾನರ ವಕೀಲ ಬಂದು ಎರಡು ಕಾಗದಗಳನ್ನೂ ಅಕ್ಕಪಕ್ಕ ಹಿಡಿದು ತೋರಿಸಿದ. ಕೊನೆಗೆ ಬಂದ ವರದಿಯಲ್ಲಿ, ಈ ಸಾಕ್ಷಿಯ ಮಾತು ಒಂದಕ್ಕೊಂದು ತಾಳೆಯಾಗದ ಕಾರಣ ನಂಬಲು ಯೋಗ್ಯವಲ್ಲ ಎಂದು ಬರೆದಿತ್ತು. ಕುಳ್ಳಿಗೆ ಸಿಕ್ಕಿದ್ದು ಯಜಮಾನರು ಮನಸ್ಸು ಮಾಡಿ ಕೊಟ್ಟದ್ದಷ್ಟೇ. ಕೊಟ್ಟರು ಎಂಬುದೂ ನಿಜ. ಸಭೆಯಲ್ಲಿ ಅದಕ್ಕಾಗಿ ಅವರಿಗೆ ವಂದನೆ ಸಲ್ಲಿಸಲಾಯಿತು.

ಸಾಕ್ಷಿಯಮ್ಮನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ರೋಲರ್ ಹಾಲಿನಿಂದ ಮುಂಬಾಗಿಲಿಗೆ, ಕೊಳೆ ಬಟ್ಟೆ ಬೇರ್ಪಡಿಸುವಲ್ಲಿಗೆ ಹಾಕಿದರು. ಬೆಳಗಿನ ಪ್ರಾರ್ಥನೆಗೆ ಬೇರೊಬ್ಬರು ಬಂದರು. ಜೊತೆಯವರು ಆಕೆ ಬಂದ ಕೂಡಲೇ ಮಾತು ನಿಲ್ಲಿಸುತ್ತಿದ್ದರು. ‘ಒಬ್ಬಳಿಗೋಸ್ಕರ ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೆಯೋಕೆ ಹೊರಟಿದ್ಲು’ ಎಂಬ ಮಾತು ಬೆನ್ನ ಹಿಂದೆ ಕೇಳಿಸುವಷ್ಟೇ ಜೋರಾಗಿ ಬರುತ್ತಿತ್ತು. ಎರಡು ತಿಂಗಳಲ್ಲಿ ಆಕೆಯೇ ಬಿಟ್ಟಳು. ಭಾನುವಾರದ ಮಕ್ಕಳ ಪಾಠವನ್ನು ಅಯ್ಯನವರು, ‘ಸ್ವಲ್ಪ ದಿನ ವಿಶ್ರಾಂತಿ ತಗೋಮ್ಮ’ ಎಂದು ಬಿಡಿಸಿದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಇನ್ನು ನನ್ನ ಪಾಲಿನದನ್ನು ಹೇಳಬೇಕು. ವರದಿ ಬಂದ ತಿಂಗಳ ಕೊನೆಯ ಭಾನುವಾರ ಅಯ್ಯನವರು ಸಾಕ್ಷಿಗೆ ಕರೆದಾಗ ಆಕೆ ಎದ್ದು ನಿಂತಳು.

‘ನಾನು ಇಷ್ಟು ವರ್ಷ ಇಲ್ಲಿ ನಿಂತು, ಯೇಸು ನನಗೆ ಏನು ಕೊಟ್ಟ ಅಂತ ಹೇಳ್ತಿದ್ದೆ’ ಎಂದಳು. ‘ಇವತ್ತು ನಾನು ಏನು ಮಾಡ್ದೆ ಅಂತ ಹೇಳ್ತೀನಿ. ಒಬ್ಬಳ ಕೈ ಹೋಯ್ತು. ಅದನ್ನ ತಡೀಬೇಕಾಗಿದ್ದ ಪಟ್ಟೀನ ಮೇಲಕ್ಕೆ ಕಟ್ಟೋವಾಗ ಪ್ಲೇಯರ್ ಕೊಟ್ಟೋಳು ನಾನು. ಕೇಳಿದಾಗ ಕಟ್ಟಿರ್ಲಿಲ್ಲ ಅಂತ ಸಹಿ ಹಾಕ್ದೋಳೂ ನಾನು. ನಾನು ಒಬ್ಬಳೇ ಅಲ್ಲ, ಇಲ್ಲೇ ಮುಂದಿನ ಸಾಲಲ್ಲಿ…’

ಅಷ್ಟರಲ್ಲಿ ಅಯ್ಯನವರು ಗಾಯನ ತಂಡದ ನಮ್ಮ ಕಡೆ ನೋಡಿದರು. ತಂಡದ ಹಿರಿಯ ಕೈ ಎತ್ತಿದ. ಕೀಬೋರ್ಡ್ ನುಡಿಯಿತು. ನಾವು ಹಾಡು ಎತ್ತಿಕೊಂಡೆವು. ಹನ್ನೆರಡು ಜನ, ನಾಲ್ಕು ಮೈಕು. ಆಕೆಯ ಬಾಯಿ ಇನ್ನೂ ಆಡುತ್ತಿದ್ದುದು ನನಗೆ ಕಾಣುತ್ತಿತ್ತು, ಒಂದು ಪದವೂ ಕೇಳಿಸುತ್ತಿರಲಿಲ್ಲ. ಆ ಹಾಡಿನಲ್ಲಿ ನನ್ನ ದನಿಯೂ ಇತ್ತು. ಶ್ರುತಿ ತಪ್ಪಲಿಲ್ಲ. ಆಕೆ ಸ್ವಲ್ಪ ಹೊತ್ತು ನಿಂತಿದ್ದು, ಕೂತು, ಹಾಡು ಮುಗಿಯುವ ಮೊದಲೇ ಎದ್ದುಹೋದಳು. ಯಜಮಾನರು ಎಂದಿನಂತೆ ಮುಖ ಮುಚ್ಚಿಕೊಂಡು ಕೂತಿದ್ದರು. ಆ ಕೈಗಳ ಹಿಂದೆ ಏನಿತ್ತೆಂದು ನನಗೆ ಗೊತ್ತಿಲ್ಲ.

ಅದಾದ ಮೇಲೆ ಆಕೆ ಕುಳ್ಳಿಯ ಮನೆಗೆ ಹೋದಳು. ಮೂರನೆಯ ಮಹಡಿಯ ಒಂದೇ ಕೋಣೆ. ಒಲೆ, ಹಾಸಿಗೆ ಎಲ್ಲ ಅದರಲ್ಲೇ. ತಪ್ಪು ಒಪ್ಪಿಕೊಂಡರೆ ಎದೆ ಹಗುರಾದೀತು ಎಂಬ ಆಸೆ ಇತ್ತು. ಕುಳ್ಳಿ ಬಾಗಿಲಲ್ಲೇ ನಿಲ್ಲಿಸಿ ಎಲ್ಲ ಕೇಳಿದಳು.

‘ಎರಡನೇ ಸಲ ಹೇಳಿದ್ದು ಮೊದಲನೇ ಸಲಾನೇ ಹೇಳಿದ್ರೆ ನಡೀತಿತ್ತು ಅಕ್ಕ. ಈಗ ಹೇಳಿ ನಿಮಗೆ ನಿದ್ದೆ ಬಂತು, ನನಗೇನು ಬಂತು?’

‘ನಿದ್ದೆ ಬಂದಿಲ್ಲ ಕಣೆ.’

‘ಬರ್ಬಾರ್ದು’ ಎಂದು ಬಾಗಿಲು ಹಾಕಿಕೊಂಡಳು.

ಸಾಕ್ಷಿಯಮ್ಮ ಮತ್ತೆ ಹೋದಳು. ಬಾಗಿಲು ತೆರೆಯದ ದಿನ ಮೆಟ್ಟಿಲ ಮೇಲೆ ಕೂತು ಬಂದಳು. ಐದನೆಯ ಸಲವೋ ಆರನೆಯ ಸಲವೋ ಕುಳ್ಳಿ ಬಾಗಿಲು ತೆಗೆದಾಗ ಅವಳ ಕೂದಲು ಗಂಟುಗಂಟಾಗಿ ಹೆಗಲ ಮೇಲೆ ಬಿದ್ದಿತ್ತು. ಒಂದೇ ಕೈಯಲ್ಲಿ ಜಡೆ ಹೆಣೆಯಲಾಗುವುದಿಲ್ಲ. ‘ಬನ್ನಿ, ಬಾಚಿ. ಆದ್ರೆ ದೇವರು, ಕ್ಷಮೆ, ಪ್ರಾರ್ಥನೆ, ಇದ್ಯಾವುದೂ ಈ ಮನೇಲಿ ಮಾತಾಡಂಗಿಲ್ಲ’ ಎಂದಳು. ಸಾಕ್ಷಿಯಮ್ಮ ಒಪ್ಪಿಕೊಂಡಳು.

ಈಗ ಎರಡು ವರ್ಷವಾಯಿತು. ಬೆಳಿಗ್ಗೆ ಏಳಕ್ಕೆ ಹೋಗುತ್ತಾಳೆ, ಜಡೆ ಹಾಕುತ್ತಾಳೆ, ತರಕಾರಿ ಹೆಚ್ಚಿಡುತ್ತಾಳೆ, ಒದ್ದೆ ಬಟ್ಟೆ ಹಿಂಡುತ್ತಾಳೆ. ಆಮೇಲೆ ಒಂದು ಶಾಲೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಹೋಗುತ್ತಾಳೆ. ಕುಳ್ಳಿ ಎಡಗೈಯಲ್ಲಿ ಬರೆಯಲು ಕಲಿತು, ಒಂದು ಔಷಧಿ ಅಂಗಡಿಯಲ್ಲಿ ಚೀಟಿ ಬರೆಯುತ್ತಾಳೆ. ಅವರಿಬ್ಬರೂ ಗೆಳತಿಯರಾಗಿಲ್ಲ. ಜಡೆ ಬಿಗಿಯಾಯಿತೆಂದು ಬೈಗುಳ, ಸಡಿಲಾಯಿತೆಂದು ಬೈಗುಳ. ‘ಅವಳಿಗೆ ನಾನು ಬೇಕಾಗಿಲ್ಲ. ನನ್ನ ಎರಡು ಕೈ ಬೇಕು’ ಎನ್ನುತ್ತಾಳೆ ಸಾಕ್ಷಿಯಮ್ಮ.

ಭಾನುವಾರ ಆಕೆ ಸಭೆಗೆ ಬರುವುದಿಲ್ಲ. ಗಂಡ ಒಮ್ಮೆ, ‘ನಾನಾದ್ರೂ ವರ್ಷಕ್ಕೆ ಒಂದ್ ಸಲ ಹೋಗ್ತೀನಿ. ನಿನಗಿಂತ ನಾನೇ ದೊಡ್ಡ ಭಕ್ತ ಆದೆ’ ಎಂದು ರೇಗಿಸಿದನಂತೆ. ಆಕೆ ನಗಲಿಲ್ಲ. ನಾನು ಕ್ಷಮೆ ಕೇಳಲು ಅವರ ಮನೆಗೆ ಹೋಗಿದ್ದಾಗ, ಹಾಡಿದ್ದಕ್ಕೆ ಬೈಯಲಿಲ್ಲ. ‘ನನ್ನ ಜಾಗದಲ್ಲಿ ನೀನಿದ್ದು, ನಿನ್ನ ಜಾಗದಲ್ಲಿ ನಾನಿದ್ರೆ ನಾನೂ ಹಾಡ್ತಿದ್ದೆ. ನಿನಗಿಂತ ಜೋರಾಗಿ ಹಾಡ್ತಿದ್ದೆ’ ಎಂದಳು. ಬೈದಿದ್ದರೆ ಚೆನ್ನಾಗಿತ್ತು.

‘ಈಗಲೂ ಯೇಸುವನ್ನ ನಂಬ್ತೀರಾ ಅಮ್ಮ?’ ಎಂದು ಕೇಳಿದೆ.

‘ನಂಬೋದು ಸುಲಭ’ ಎಂದಳು. ‘ಆತನ ಹಿಂದೆ ಹೋಗೋದಿದೆಯಲ್ಲ, ಅದಕ್ಕೆ ಹೊತ್ತು ಅಂತ ಒಂದಿರುತ್ತೆ. ಆ ಹೊತ್ತಿಗೆ ನಾನು ಎದ್ದು ಹೋಗ್ಲಿಲ್ಲ. ಹದಿನೇಳನೇ ದಿನ ಹೋದೆ. ಅಷ್ಟರಲ್ಲಿ ಆತ ಮುಂದೆ ಹೋಗಿದ್ನೋ, ಇನ್ನೂ ಅಲ್ಲೇ ನಿಂತಿದ್ನೋ, ನನಗೆ ಗೊತ್ತಾಗ್ತಿಲ್ಲ.’

ಕುಳ್ಳಿಯೂ ಒಂದು ಬೆಳಿಗ್ಗೆ, ತಾನೇ ಹಾಕಿದ ಕಟ್ಟಳೆ ಮುರಿದು ಕೇಳಿದಳಂತೆ: ‘ನಿಮ್ಮ ಯೇಸು ಆ ಲಾಂಡ್ರೀಲಿ ಕೆಲಸಕ್ಕಿದ್ದಿದ್ರೆ ಏನ್ ಮಾಡ್ತಿದ್ದ?’

‘ತಂತಿ ಕಟ್ಟೋಕೇ ಬಿಡ್ತಿರ್ಲಿಲ್ಲ ಅನ್ಸುತ್ತೆ.’

‘ಹಂಗಾದ್ರೆ ಅವನ ಕೆಲ್ಸಾನೂ ಹೋಗ್ತಿತ್ತು’ ಎಂದಳು ಕುಳ್ಳಿ. ‘ನೀವೆಲ್ಲ ಸೇರಿ ಹಾಡು ಹೇಳಿ ಕಳಿಸ್ತಿದ್ರಿ. ಸುಮ್ನೆ ಬಾಚಿ, ಅಂಗಡಿಗೆ ಹೊತ್ತಾಯ್ತು.’

ಸಾಕ್ಷಿಯಮ್ಮ ಬಾಚಿದಳು.